ರಕ್ತದಲ್ಲಿ ತೇಲುವ ರಿಸೆಪ್ಟರನ್ನು ಬಣ್ಣ ನೋಡಿ ಅಳೆಯುವುದು ಹೇಗೆ?

ಲ್ಯಾಬ್ ರಿಪೋರ್ಟ್‌ನಲ್ಲಿ 'ಸಾಲ್ಯುಬಲ್ ಐಎಲ್-2 ರಿಸೆಪ್ಟರ್' ಅಂತ ಒಂದು ಸಾಲು, ಪಕ್ಕದಲ್ಲಿ ಒಂದು ಸಂಖ್ಯೆ. ನೋಡಿದವರಿಗೆ ಯಾರೋ ಆ ಪ್ರೋಟೀನನ್ನು ರಕ್ತದಿಂದ ಹೆಕ್ಕಿ ತೆಗೆದು ತೂಕ ಹಾಕಿದ್ದಾರೆ ಅನ್ನಿಸುತ್ತದೆ. ಹಾಗೇನೂ ಇಲ್ಲ. ಯಾರೂ ಎಣಿಸಿಲ್ಲ, ಯಾರೂ ತೂಗಿಲ್ಲ. ಒಂದು ಪ್ಲಾಸ್ಟಿಕ್ ಪ್ಲೇಟಿನ ಪುಟ್ಟ ಗುಳಿಯಲ್ಲಿದ್ದ ದ್ರವ ಎಷ್ಟು ಹಳದಿಯಾಯಿತು ಅಂತ ಮೆಷಿನ್ ನೋಡಿದೆ, ಆ ಹಳದಿಯನ್ನು ಪಕ್ಕದ ಗುಳಿಗಳ ಹಳದಿಯ ಜೊತೆ ಹೋಲಿಸಿದೆ, ಅಷ್ಟೇ. ಈ ಪರೀಕ್ಷೆಯ ಹೆಸರು ಎಲೈಸಾ. ಅದರಿಂದ ಬರುವ ಸಂಖ್ಯೆ ಒಂದು ಹೋಲಿಕೆ, ಎಣಿಕೆ ಅಲ್ಲ. ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಗೊತ್ತಿಲ್ಲದಿದ್ದರೆ ಆ ಸಂಖ್ಯೆ ಯಾವಾಗ ನಮ್ಮನ್ನು ಯಾಮಾರಿಸುತ್ತಿದೆ ಅಂತಲೂ ತಿಳಿಯುವುದಿಲ್ಲ.

ಮೊದಲು ಆ ರಿಸೆಪ್ಟರ್ ಏನು ಅಂತ ನೋಡೋಣ. ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ ಟಿ-ಕೋಶಗಳು ಅಂತ ಒಂದು ಜಾತಿಯ ಬಿಳಿ ರಕ್ತಕಣಗಳಿವೆ. ಅವು ವೈರಸ್ಸನ್ನೋ ಮತ್ತೊಂದನ್ನೋ ಗುರುತಿಸಿದಾಗ ಇಂಟರ್‌ಲ್ಯೂಕಿನ್-2, ಚಿಕ್ಕದಾಗಿ ಐಎಲ್-2, ಅನ್ನುವ ಪುಟ್ಟ ಪ್ರೋಟೀನನ್ನು ಹೊರಗೆ ಬಿಡುತ್ತವೆ. 'ಬೇಗ ಬೇಗ ಇಬ್ಭಾಗವಾಗಿ, ಸಂಖ್ಯೆ ಹೆಚ್ಚಿಸಿಕೊಳ್ಳಿ' ಅನ್ನುವುದು ಅದರ ಸಂದೇಶ. ಸಂದೇಶ ಕೇಳಬೇಕಾದರೆ ಕಿವಿ ಬೇಕಲ್ಲ, ಆ ಕಿವಿಯೇ ಐಎಲ್-2 ರಿಸೆಪ್ಟರ್. ಅದರಲ್ಲಿ ಮೂರು ಭಾಗಗಳಿವೆ: ಆಲ್ಫಾ, ಬೀಟಾ, ಗಾಮಾ. ಬೀಟಾ ಮತ್ತು ಗಾಮಾ ಎರಡೇ ಇದ್ದರೂ ಕೇಳಿಸುತ್ತದೆ, ಆದರೆ ಕಿವಿ ಸ್ವಲ್ಪ ಮಂದ. ಆಲ್ಫಾ ಜೊತೆಗೂಡಿದರೆ ಹಿಡಿತ ಸುಮಾರು ನೂರು ಪಟ್ಟು ಬಿಗಿಯಾಗುತ್ತದೆ. ಈ ಆಲ್ಫಾಗೆ ಇನ್ನೊಂದು ಹೆಸರು ಸಿಡಿ25. ಸುಮ್ನೆ ಕೂತಿರುವ ಟಿ-ಕೋಶದ ಮೈಮೇಲೆ ಇದು ತೀರಾ ಕಡಿಮೆ. ಕೋಶ ಕೆರಳಿದರೆ ಮೈತುಂಬ ಮೂಡುತ್ತದೆ. (ಉಳಿದವರನ್ನು ತಣ್ಣಗಿಡುವ ರೆಗ್ಯುಲೇಟರಿ ಟಿ-ಕೋಶಗಳು ಮಾತ್ರ ಇದನ್ನು ಯಾವಾಗಲೂ ಹೊತ್ತುಕೊಂಡೇ ಇರುತ್ತವೆ, ಅದು ಬೇರೆ ಕಥೆ.)

ಇದು ಪತ್ತೆಯಾದ ರೀತಿಯೂ ಚೆನ್ನಾಗಿದೆ. 1981ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಥಾಮಸ್ ವಾಲ್ಡ್‌ಮನ್ ಅವರ ತಂಡ, ಕೆರಳಿದ ಟಿ-ಕೋಶಗಳಿಗೆ ಮಾತ್ರ ಅಂಟುವ ಒಂದು ಆಂಟಿಬಾಡಿ (ನಿರ್ದಿಷ್ಟ ವಸ್ತುವನ್ನೇ ಗುರುತು ಹಿಡಿದು ಅಂಟುವ ಪ್ರೋಟೀನ್) ತಯಾರಿಸಿತು. ಹೆಸರು ಆಂಟಿ-ಟ್ಯಾಕ್. ಅದು ಅಂಟುತ್ತಿರುವುದು ಯಾವುದಕ್ಕೆ ಅಂತ ಆಗ ಅವರಿಗೇ ಖಚಿತವಿರಲಿಲ್ಲ. ಐಎಲ್-2 ರಿಸೆಪ್ಟರಿಗೆ ಅಂತ ಆಮೇಲೆ ತಿಳಿಯಿತು. ಅಂದರೆ ವಸ್ತುವಿಗಿಂತ ಮೊದಲು ಅದನ್ನು ಹಿಡಿಯುವ ಕೊಕ್ಕೆ ಸಿಕ್ಕಿತು! 1985ರಲ್ಲಿ ಇನ್ನೊಂದು ವಿಷಯ ಬೆಳಕಿಗೆ ಬಂತು. ಈ ಆಲ್ಫಾ ಭಾಗ ಕೋಶದ ಮೈಮೇಲೆ ಮಾತ್ರ ಇರುವುದಿಲ್ಲ, ಅದರ ತುಂಡು ಕಳಚಿಕೊಂಡು ಹೊರಗಿನ ದ್ರವದಲ್ಲೂ ತೇಲುತ್ತದೆ. ಕೋಶದ ಮೇಲಿರುವಾಗ ಅದರ ತೂಕ ಸುಮಾರು 55 ಕಿಲೋಡಾಲ್ಟನ್ (ಅಣುಗಳನ್ನು ತೂಗುವ ಮಾನ), ತೇಲುವ ತುಂಡಿನದು ಸುಮಾರು 45. ಪ್ರೋಟೀನ್ ಕತ್ತರಿಸುವ ಕಿಣ್ವಗಳು ಅದನ್ನು ಬುಡದ ಹತ್ತಿರ ಕತ್ತರಿಸುತ್ತವೆ. ಬೇರು ಕೋಶದಲ್ಲೇ ಉಳಿಯುತ್ತದೆ, ತಲೆಭಾಗ ರಕ್ತ ಸೇರುತ್ತದೆ. ರಿಪೋರ್ಟ್‌ನ 'ಸಾಲ್ಯುಬಲ್' ರಿಸೆಪ್ಟರ್ ಅಂದರೆ ಈ ತೇಲುವ ತುಂಡೇ.

ಹಾಗಾಗಿ ರಕ್ತದಲ್ಲಿ ಈ ತುಂಡು ಜಾಸ್ತಿ ಇದೆ ಅಂದರೆ, ದೇಹದಲ್ಲಿ ಎಲ್ಲೋ ಟಿ-ಕೋಶಗಳು ಜೋರಾಗಿ ಕೆರಳಿವೆ ಅಂತ ಅರ್ಥ ಮಾಡಿಕೊಳ್ಳಬಹುದು. ಎಚ್‌ಎಲ್‌ಎಚ್ ಅನ್ನುವ ಒಂದು ಗಂಭೀರ ಕಾಯಿಲೆಯಿದೆ. ಅದರಲ್ಲಿ ರೋಗನಿರೋಧಕ ವ್ಯವಸ್ಥೆ ಕಡಿವಾಣ ಕಳಚಿಕೊಂಡು ತನ್ನ ದೇಹದ ಮೇಲೇ ಮುಗಿಬೀಳುತ್ತದೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 2004ರ ಎಚ್‌ಎಲ್‌ಎಚ್ ಮಾನದಂಡದಲ್ಲಿ ಎಂಟು ಲಕ್ಷಣಗಳ ಪಟ್ಟಿಯಿದೆ, ಅವುಗಳಲ್ಲಿ ಐದು ಇರಬೇಕು. ಆ ಎಂಟರಲ್ಲಿ ಒಂದು, ಮಿಲಿಲೀಟರಿಗೆ 2,400 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಸಾಲ್ಯುಬಲ್ ಸಿಡಿ25. ಆದರೆ ಲಿಂಫೋಮಾ ಅನ್ನುವ ಕ್ಯಾನ್ಸರ್‌ನಲ್ಲೂ ಇದು ಏರುತ್ತದೆ, ಸಾರ್ಕಾಯ್ಡೋಸಿಸ್ ಅನ್ನುವ ಉರಿಯೂತದ ಕಾಯಿಲೆಯಲ್ಲೂ ಏರುತ್ತದೆ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಹೊರಗೆ ಹೋಗುವ ದಾರಿಯಿಲ್ಲದೆ ರಕ್ತದಲ್ಲೇ ಉಳಿದುಕೊಳ್ಳುತ್ತದೆ. ಪುಟ್ಟ ಮಕ್ಕಳಲ್ಲಿ ಯಾವ ಕಾಯಿಲೆ ಇಲ್ಲದಿದ್ದರೂ ದೊಡ್ಡವರಿಗಿಂತ ಜಾಸ್ತಿ. ಗಲಾಟೆ ನಡೀತಿದೆ ಅಂತ ಇದು ಹೇಳುತ್ತದೆಯೇ ಹೊರತು ಯಾರು ಮಾಡ್ತಿದ್ದಾರೆ ಅಂತ ಹೇಳುವುದಿಲ್ಲ.

ಸರಿ, ಅಳೆಯುವುದು ಹೇಗೆ? ಇಲ್ಲಿದೆ ನಿಜವಾದ ತೊಂದರೆ. ಒಂದು ಮಿಲಿಲೀಟರ್ ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಎಲ್ಲ ಪ್ರೋಟೀನ್ ಸೇರಿ ಸುಮಾರು 60ರಿಂದ 80 ಮಿಲಿಗ್ರಾಂ ಇರುತ್ತದೆ, ಬಹುಪಾಲು ಆಲ್ಬುಮಿನ್ ಮತ್ತು ಆಂಟಿಬಾಡಿಗಳು. ನಮಗೆ ಬೇಕಾದ ತುಂಡು ಆರೋಗ್ಯವಂತರಲ್ಲಿ ಇರುವುದು ಪಿಕೋಗ್ರಾಂ, ನ್ಯಾನೋಗ್ರಾಂ ಲೆಕ್ಕದಲ್ಲಿ. ಒಂದು ಪಿಕೋಗ್ರಾಂ ಅಂದರೆ ಒಂದು ಗ್ರಾಂನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ಕೋಟಿಗಟ್ಟಲೆ ಪಾಲು ಬೇರೆ ಪ್ರೋಟೀನ್ ನಡುವೆ ಒಂದು ಪಾಲು ನಮ್ಮದು. ಇಷ್ಟು ಕಡಿಮೆ ಇರುವುದನ್ನು ತೂಗುವುದಕ್ಕಾಗುವುದಿಲ್ಲ, ಅದನ್ನೇ ಗುರುತು ಹಿಡಿಯುವ ಏನಾದರೂ ಬೇಕು. ಆ ಕೆಲಸ ಆಂಟಿಬಾಡಿಯದು.

ಆಂಟಿಬಾಡಿಯನ್ನೇ ಅಳತೆಗೋಲು ಮಾಡುವ ಉಪಾಯ ಹೊಸದಲ್ಲ. ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ 1950ರ ದಶಕದ ಕೊನೆಯ ಹೊತ್ತಿಗೇ ರಕ್ತದ ಇನ್ಸುಲಿನ್ ಅಳೆಯಲು ವಿಕಿರಣ ಬಳಸುವ ವಿಧಾನ ಕಟ್ಟಿದರು. ಅದಕ್ಕೆ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು, ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. 1971ರಲ್ಲಿ ಸ್ಟಾಕ್‌ಹೋಮ್‌ನ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ವಿಕಿರಣದ ಜಾಗದಲ್ಲಿ ಕಿಣ್ವ ಇಟ್ಟರು, ಅದೇ ಎಲೈಸಾ. ಅದೇ ಹೊತ್ತಿಗೆ ನೆದರ್ಲೆಂಡ್ಸ್‌ನಲ್ಲಿ ವಾನ್ ವೀಮೆನ್ ಮತ್ತು ಸ್ಖೂರ್ಸ್ ಕೂಡ ಬೇರೆಯಾಗಿ ಅದೇ ಕಡೆ ಬಂದಿದ್ದರು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಥರದ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದರು. ಈಗಿನ ಕಿಟ್ ಡಬ್ಬಿ ತೆರೆದರೆ ಈ ಎರಡು ಕೆಲಸಗಳ ಫಲ ಪುಟ್ಟ ಸೀಸೆಗಳಲ್ಲಿ ಕೂತಿರುತ್ತದೆ.

ಈಗ ಪ್ಲೇಟಿಗೆ ಬರೋಣ. ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್, ಅದರಲ್ಲಿ 8 ಸಾಲು, 12 ಕಂಬಸಾಲು, ಒಟ್ಟು 96 ಗುಳಿ. ಗುಳಿಗೆ ಎಲ್ಲರೂ ವೆಲ್ ಅಂತಾರೆ. ವೆಲ್‌ನ ತಳಕ್ಕೆ ಮೊದಲೇ ಒಂದು ಆಂಟಿಬಾಡಿ ಅಂಟಿಸಿರುತ್ತಾರೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗೆ ಪ್ರೋಟೀನ್ ತಾನಾಗೇ ಕಚ್ಚಿಕೊಳ್ಳುತ್ತದೆ, ಬೇರೆ ಅಂಟು ಬೇಕಿಲ್ಲ. ಇದೇ ಗುಣ ತಲೆನೋವು ಕೂಡ, ಯಾಕೆಂದರೆ ಖಾಲಿ ಉಳಿದ ಜಾಗಕ್ಕೆ ಬೇರೆ ಯಾವ ಪ್ರೋಟೀನ್ ಬೇಕಾದರೂ ಕಚ್ಚಿಕೊಳ್ಳಬಹುದು. ಅದಕ್ಕೇ ಆಲ್ಬುಮಿನ್‌ನಂಥ ಯಾವುದಾದರೂ ನಿರುಪದ್ರವಿ ಪ್ರೋಟೀನ್ ಸುರಿದು ಆ ಜಾಗ ತುಂಬುತ್ತಾರೆ, ಇದಕ್ಕೆ ಬ್ಲಾಕಿಂಗ್ ಅಂತ ಹೆಸರು. ಆಮೇಲೆ ಸೀರಮ್, ಸಾಮಾನ್ಯವಾಗಿ 100 ಮೈಕ್ರೋಲೀಟರ್. ಒಂದೆರಡು ಗಂಟೆ ಬಿಟ್ಟರೆ ನಮ್ಮ ರಿಸೆಪ್ಟರ್ ತುಂಡುಗಳು ತಳದ ಆಂಟಿಬಾಡಿಗೆ ಸಿಕ್ಕಿಬೀಳುತ್ತವೆ. ತೊಳೆದರೆ ಉಳಿದದ್ದೆಲ್ಲ ಹರಿದು ಹೋಗುತ್ತದೆ.

ಆಮೇಲೆ ಎರಡನೇ ಆಂಟಿಬಾಡಿ. ಇದು ಅದೇ ರಿಸೆಪ್ಟರಿನ ಬೇರೊಂದು ಜಾಗ ಹಿಡಿಯಬೇಕು. ಇಬ್ಬರೂ ಒಂದೇ ಜಾಗಕ್ಕೆ ಕೈ ಹಾಕಿದರೆ ಎರಡನೆಯವರಿಗೆ ಏನೂ ಸಿಗುವುದಿಲ್ಲ. ಕೆಳಗೊಂದು, ಮೇಲೊಂದು, ನಡುವೆ ನಮ್ಮ ಪ್ರೋಟೀನ್: ಅದಕ್ಕೇ ಇದು ಸ್ಯಾಂಡ್‌ವಿಚ್ ಎಲೈಸಾ. ಎರಡು ಬೇರೆ ಬೇರೆ ಗುರುತು ಒಂದೇ ವಸ್ತುವಿನಲ್ಲಿ ಸಿಕ್ಕಿದರೆ ಮಾತ್ರ ಲೆಕ್ಕ, ಹಾಗಾಗಿ ತಪ್ಪು ಆಸಾಮಿ ಸಿಕ್ಕಿಬೀಳುವ ಸಾಧ್ಯತೆ ತುಂಬಾ ಕಡಿಮೆಯಾಗುತ್ತದೆ. ಈ ಎರಡನೇ ಆಂಟಿಬಾಡಿಯ ಬೆನ್ನಿಗೆ ಬಯೋಟಿನ್ ಅನ್ನುವ ವಿಟಮಿನ್ ಕಟ್ಟಿರುತ್ತಾರೆ. ಬಯೋಟಿನ್‌ಗೆ ಸ್ಟ್ರೆಪ್ಟಾವಿಡಿನ್ ಅಂದರೆ ಪ್ರಾಣ, ಒಮ್ಮೆ ಹಿಡಿದರೆ ಬಿಡುವ ಮಾತೇ ಇಲ್ಲ. ಸ್ಟ್ರೆಪ್ಟಾವಿಡಿನ್ ಜೊತೆ ಎಚ್‌ಆರ್‌ಪಿ ಅನ್ನುವ ಕಿಣ್ವ ಬರುತ್ತದೆ, ಹಾರ್ಸ್‌ರ್‍ಯಾಡಿಶ್ ಅನ್ನುವ ಗಿಡದ ಬೇರಿನದು. ಕೊನೆಗೆ ಟಿಎಂಬಿ ಅನ್ನುವ ಬಣ್ಣವಿಲ್ಲದ ದ್ರಾವಣ ಹಾಕಿದರೆ ಕಿಣ್ವ ಅದನ್ನು ನೀಲಿ ಮಾಡುತ್ತದೆ. ರಿಸೆಪ್ಟರ್ ಜಾಸ್ತಿ ಇದ್ದರೆ ಕಿಣ್ವ ಜಾಸ್ತಿ, ಕಿಣ್ವ ಜಾಸ್ತಿ ಇದ್ದರೆ ನೀಲಿ ಜಾಸ್ತಿ. ಒಂದೇ ಒಂದು ಕಿಣ್ವ ಸಾವಿರಾರು ಸಲ ಅದೇ ಕೆಲಸ ಮಾಡುವುದರಿಂದ, ಕಣ್ಣಿಗೆ ಕಾಣದಷ್ಟು ಕಡಿಮೆ ಇದ್ದ ಪ್ರೋಟೀನಿನ ಸುಳಿವು ಕಣ್ಣಿಗೆ ಕಾಣುವ ಬಣ್ಣವಾಗುತ್ತದೆ. ಇಡೀ ಪರೀಕ್ಷೆಯ ಜಾಣತನ ಇರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ.

ಕಿಣ್ವ ತಾನಾಗಿ ನಿಲ್ಲುವುದಿಲ್ಲ, ನಾವೇ ನಿಲ್ಲಿಸಬೇಕು. ಹದಿನೈದೋ ಇಪ್ಪತ್ತೋ ನಿಮಿಷಕ್ಕೆ ಸಲ್ಫ್ಯೂರಿಕ್ ಆಸಿಡ್ ಹಾಕಿದರೆ ಕ್ಷಣದಲ್ಲಿ ನೀಲಿ ಹೋಗಿ ಹಳದಿ ಬರುತ್ತದೆ. ಎಷ್ಟು ಪ್ಲೇಟ್ ಮಾಡಿದರೂ ಇದು ನೋಡಲು ಬೇಜಾರಾಗುವುದಿಲ್ಲ. ಆದರೆ ಆಗ ಕೈ ನಿಧಾನವಾದರೆ ಕೆಟ್ಟಿತು. ಮೊದಲ ಕಂಬಸಾಲಿಗೂ ಹನ್ನೆರಡನೆಯದಕ್ಕೂ ನಡುವೆ ಎರಡು ನಿಮಿಷ ತಡವಾದರೆ, ಕೊನೆಯವಕ್ಕೆ ಎರಡು ನಿಮಿಷ ಹೆಚ್ಚು ಬಣ್ಣ ಕಟ್ಟಿಕೊಳ್ಳಲು ಸಮಯ ಕೊಟ್ಟಂತೆ. ಅದಕ್ಕೆ ಟಿಎಂಬಿ ಹಾಕಿದ ಅದೇ ಕ್ರಮದಲ್ಲಿ, ಅದೇ ವೇಗದಲ್ಲಿ ಆಸಿಡ್ ಹಾಕಬೇಕು. ಅಂಚಿನ ವೆಲ್‌ಗಳದು ಇನ್ನೊಂದು ಕಿರಿಕಿರಿ: ಅವು ಬೇಗ ಬಿಸಿಯಾಗುತ್ತವೆ, ಬೇಗ ಆರುತ್ತವೆ, ಮಧ್ಯದವುಗಳಿಗಿಂತ ಬೇರೆ ಉತ್ತರ ಕೊಡುತ್ತವೆ.

ನನ್ನದೇ ಒಂದು ಎಡವಟ್ಟು ಹೇಳ್ತೀನಿ. ಒಂದು ಸಲ ಎಲ್ಲ ಸರಿಯಾಗಿ ಮಾಡಿದೆ, ಐದು ಗಂಟೆಯ ಕೆಲಸ, ಟಿಎಂಬಿ ಹಾಕಿ ಕೂತೆ. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು ನಿಮಿಷ. ಒಂದು ವೆಲ್ ಕೂಡ ನೀಲಿಯಾಗಲಿಲ್ಲ. ಹೋಲಿಕೆಗೆ ಅಂತ ಇಟ್ಟ, ಗಾಢ ನೀಲಿ ಬರಲೇಬೇಕಾದ ಸ್ಟ್ಯಾಂಡರ್ಡ್ ಕೂಡ ನೀರಿನ ಹಾಗೆ ತಣ್ಣಗೆ ಕೂತಿತ್ತು. ಕಿಟ್ ಹಾಳಾಗಿದೆ ಅಂತ ಬೈದುಕೊಂಡೆ. ಆಮೇಲೆ ನೋಡಿದರೆ ತೊಳೆಯಲು ಬಳಸಿದ್ದು ಫ್ರಿಜ್‌ನಲ್ಲಿದ್ದ ಹಳೆಯ ಬಫರ್ (ಆಮ್ಲೀಯತೆ ಬದಲಾಗದಂತೆ ಕಾಯುವ ಉಪ್ಪಿನ ದ್ರಾವಣ), ಅದರಲ್ಲಿ ಬೂಸ್ಟು ಬರದಿರಲಿ ಅಂತ ಸೋಡಿಯಂ ಅಜೈಡ್ ಹಾಕಿಟ್ಟಿದ್ದರು. ಅಜೈಡ್ ಎಚ್‌ಆರ್‌ಪಿಯ ಕತ್ತು ಹಿಸುಕುತ್ತದೆ. ರಿಸೆಪ್ಟರ್ ಇತ್ತು, ಎರಡೂ ಆಂಟಿಬಾಡಿ ಇದ್ದವು, ಸ್ಯಾಂಡ್‌ವಿಚ್ ಪೂರ್ತಿ ಕಟ್ಟಿತ್ತು, ಕಿಣ್ವ ಮಾತ್ರ ಸತ್ತಿತ್ತು. ಬಣ್ಣ ಬರಲಿಲ್ಲ ಅಂದರೆ ಪ್ರೋಟೀನ್ ಇಲ್ಲ ಅಂತಲ್ಲ ಅನ್ನುವುದು ಅವತ್ತು ನನಗೆ ಸರಿಯಾಗಿ ತಲೆಗೆ ಹೋಯಿತು.

ಹಳದಿಯಾದ ಪ್ಲೇಟನ್ನು ರೀಡರ್‌ನಲ್ಲಿ ಇಟ್ಟರೆ ಅದು 450 ನ್ಯಾನೋಮೀಟರ್ ಬೆಳಕು ಹಾಯಿಸಿ ಎಷ್ಟು ತಡೆಯಿತು ಅಂತ ನೋಡುತ್ತದೆ. ಈ ರೀಡಿಂಗ್‌ಗೆ ಓಡಿ ಅಂತಾರೆ. ಓಡಿ 1 ಅಂದರೆ ಹಾಯಿಸಿದ ಬೆಳಕಿನಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ದಾಟಿತು ಅಂತ. ಓಡಿ 2 ಅಂದರೆ ನೂರರಲ್ಲಿ ಒಂದು, ಓಡಿ 3 ಅಂದರೆ ಸಾವಿರದಲ್ಲಿ ಒಂದು. ಮೇಲಕ್ಕೆ ಹೋದಷ್ಟೂ ರೀಡರ್ ಕತ್ತಲಲ್ಲಿ ತಡಕಾಡುತ್ತಿರುತ್ತದೆ, ಅಲ್ಲಿನ ಸಂಖ್ಯೆಯನ್ನು ನಂಬಬಾರದು.

ಓಡಿ ಬಂತು, ಆದರೆ ಅದು ಪ್ರೋಟೀನ್ ಎಷ್ಟಿದೆ ಅಂತ ಹೇಳುವುದಿಲ್ಲವಲ್ಲ. ಅದಕ್ಕೇ ಪ್ರತಿ ಪ್ಲೇಟಿನಲ್ಲೂ ಸ್ಟ್ಯಾಂಡರ್ಡ್ ಇಡಬೇಕು: ಇಂತಿಷ್ಟು ಪ್ರೋಟೀನ್ ಇದೆ ಅಂತ ಮೊದಲೇ ಗೊತ್ತಿರುವ ದ್ರವ, ಅದನ್ನು ಅರ್ಧ, ಅದರ ಅರ್ಧ, ಮತ್ತೆ ಅರ್ಧ ಮಾಡುತ್ತಾ ಏಳು ಹಂತ, ಜೊತೆಗೆ ಏನೂ ಇಲ್ಲದ ಒಂದು ಸೊನ್ನೆ ವೆಲ್. ಇವುಗಳ ಓಡಿಯನ್ನು ಗ್ರಾಫ್‌ನಲ್ಲಿ ಹಾಕಿದರೆ ನೇರ ಗೆರೆ ಬರುವುದಿಲ್ಲ, ಓರೆಯಾದ ಎಸ್ ಬರುತ್ತದೆ. ಕೆಳಗೆ ಚಪ್ಪಟೆ, ಮೇಲೆ ಚಪ್ಪಟೆ, ನಡುವೆ ಏರು. ಅದಕ್ಕೆ ನಾಲ್ಕು ಅಂಶಗಳ ಒಂದು ಸಮೀಕರಣ ಹೊಂದಿಸುತ್ತಾರೆ. ಸ್ಪ್ರೆಡ್‌ಶೀಟ್‌ನಲ್ಲಿ ನೇರ ಗೆರೆ ಎಳೆದು, ಆರ್-ಸ್ಕ್ವೇರ್ (ಗೆರೆ ಬಿಂದುಗಳಿಗೆ ಎಷ್ಟು ಹೊಂದಿದೆ ಅನ್ನುವ ಅಂಕ, ಪೂರ್ತಿ ಹೊಂದಿದರೆ 1) 0.98 ಬಂತು ಅಂತ ಖುಷಿಪಡುವವರನ್ನು ತುಂಬಾ ನೋಡಿದ್ದೇನೆ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಅಂದರೆ, ಆ ಗೆರೆಯಿಂದ ಸ್ಟ್ಯಾಂಡರ್ಡ್‌ಗಳನ್ನೇ ಮತ್ತೆ ಲೆಕ್ಕ ಹಾಕಿ ನೋಡುವುದು. 125 ಅಂತ ಹಾಕಿದ್ದು ಲೆಕ್ಕದಲ್ಲಿ 80 ಬಂದರೆ ಗೆರೆ ಸರಿಯಿಲ್ಲ, ಆರ್-ಸ್ಕ್ವೇರ್ ಏನೇ ಹೇಳಲಿ.

ಒಂದು ಉದಾಹರಣೆ, ಸಂಖ್ಯೆಗಳು ನಾನು ಕಲ್ಪಿಸಿಕೊಂಡವು. 500 ಪಿಕೋಗ್ರಾಂ ಸ್ಟ್ಯಾಂಡರ್ಡ್‌ನ ಓಡಿ 1.0, 250ರದು 0.55. ಸ್ಯಾಂಪಲನ್ನು ಐದು ಪಟ್ಟು ತೆಳು ಮಾಡಿ ಹಾಕಿದ್ದೇವೆ, ಅದರ ಓಡಿ 0.80. ಗೆರೆಯಲ್ಲಿ ನೋಡಿದರೆ ಸುಮಾರು 380. ಐದು ಪಟ್ಟು ತೆಳು ಮಾಡಿದ್ದರಿಂದ ಐದರಿಂದ ಗುಣಿಸಬೇಕು, 1,900 ಪಿಕೋಗ್ರಾಂ ಆಯಿತು. ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕೆಲಸ. ಅದೇ ಸ್ಯಾಂಪಲನ್ನು ಹತ್ತು ಪಟ್ಟು, ಇಪ್ಪತ್ತು ಪಟ್ಟು ತೆಳು ಮಾಡಿಯೂ ಹಾಕಿ. 192, 97 ಬಂದರೆ ಗುಣಿಸಿದ ಮೇಲೆ 1,920 ಮತ್ತು 1,940. ಮೂರೂ ಒಂದೇ ಮಾತು ಹೇಳುತ್ತಿವೆ, ನೆಮ್ಮದಿ. ಬದಲಿಗೆ 1,900, 2,600, 3,400 ಅಂತ ಏರುತ್ತಾ ಹೋದರೆ? ಸೀರಮ್‌ನಲ್ಲಿ ಏನೋ ಅಡ್ಡಗಾಲು ಹಾಕುತ್ತಿದೆ, ತೆಳು ಮಾಡಿದಷ್ಟೂ ಅದರ ಕಾಟ ಕಡಿಮೆಯಾಗುತ್ತಿದೆ ಅಂತ. ಸ್ಟ್ಯಾಂಡರ್ಡ್ ಇರುವುದು ಶುದ್ಧ ಬಫರ್‌ನಲ್ಲಿ, ಸ್ಯಾಂಪಲ್ ಇರುವುದು ನೂರೆಂಟು ಪ್ರೋಟೀನ್‌ಗಳ ಸಂತೆಯಲ್ಲಿ. ಇವೆರಡೂ ಒಂದೇ ಥರ ನಡೆದುಕೊಳ್ಳುತ್ತವೆ ಅಂತ ಸುಮ್ನೆ ನಂಬುವ ಹಾಗಿಲ್ಲ, ಪ್ರತಿ ಸಲ ತೋರಿಸಬೇಕು.

ಇನ್ನು ಆ ಸ್ಟ್ಯಾಂಡರ್ಡ್ ಯಾರು ಕೊಟ್ಟಿದ್ದು? ಕಿಟ್ ಮಾಡಿದವರು. ಒಬ್ಬರು ಅದನ್ನು ಪಿಕೋಗ್ರಾಂನಲ್ಲಿ ಹೇಳುತ್ತಾರೆ, ಇನ್ನೊಬ್ಬರು ಯೂನಿಟ್‌ನಲ್ಲಿ. ಈ ಯೂನಿಟ್ ಗ್ರಾಂ, ಮೀಟರ್ ಇದ್ದ ಹಾಗಲ್ಲ. ಲ್ಯಾಬ್‌ನಲ್ಲಿ ಕೆರಳಿಸಿದ ರಕ್ತಕಣಗಳು ಬಿಟ್ಟ ದ್ರವವನ್ನೇ ಮಾದರಿಯಾಗಿಟ್ಟುಕೊಂಡು, ಇದಕ್ಕೆ ಇಷ್ಟು ಯೂನಿಟ್ ಅಂತ ನಿಗದಿ ಮಾಡಿಕೊಂಡದ್ದು. ಜೊತೆಗೆ ಒಂದೊಂದು ಕಿಟ್‌ನ ಆಂಟಿಬಾಡಿ ಜೋಡಿ ಬೇರೆ, ಅವು ಹಿಡಿಯುವ ಜಾಗ ಬೇರೆ. ಹಾಗಾಗಿ ಒಂದೇ ರಕ್ತವನ್ನು ಎರಡು ಕಿಟ್‌ಗಳಲ್ಲಿ ಹಾಕಿದರೆ ಎರಡು ಸಂಖ್ಯೆ ಬರುವುದು ಮಾಮೂಲಿ, ಎರಡೂ ತಪ್ಪಲ್ಲದೆಯೂ ಇರಬಹುದು. 2,400 ಅನ್ನುವ ಆ ಗಡಿಯನ್ನು ಪಿಕೋಗ್ರಾಂನಲ್ಲಿ ಬಂದ ಸಂಖ್ಯೆಗೆ ನೇರವಾಗಿ ಹಚ್ಚಿ ನೋಡಿದರೆ, ಕಿಲೋಮೀಟರನ್ನು ಕಿಲೋಗ್ರಾಂ ಜೊತೆ ಹೋಲಿಸಿದ ಹಾಗೆ. ಇಂಥ ತಪ್ಪು ನಡೆಯುತ್ತದೆ, ಅದೂ ಓದಿದವರಿಂದಲೇ.

ಯಾಮಾರಿಸುವ ದಾರಿಗಳು ಇನ್ನೂ ಇವೆ. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ, ಇಲ್ಲೂ ಹಾಗೇ: ಸ್ಯಾಂಪಲ್‌ನಲ್ಲಿ ರಿಸೆಪ್ಟರ್ ವಿಪರೀತ ಇದ್ದರೆ ಸಂಖ್ಯೆ ಕಡಿಮೆ ಬರಬಹುದು. ಸ್ಯಾಂಪಲನ್ನೂ ಎರಡನೇ ಆಂಟಿಬಾಡಿಯನ್ನೂ ಒಟ್ಟಿಗೆ ಹಾಕುವ ಪರೀಕ್ಷೆಗಳಲ್ಲಿ ಇದು ಜಾಸ್ತಿ. ಕೆಳಗಿನ ಆಂಟಿಬಾಡಿಗೆ ಒಂದು ರಿಸೆಪ್ಟರ್, ಮೇಲಿನದಕ್ಕೆ ಬೇರೊಂದು ರಿಸೆಪ್ಟರ್ ಸಿಕ್ಕಿ ಇಬ್ಬರೂ ತೃಪ್ತರಾಗಿಬಿಡುತ್ತಾರೆ, ನಡುವೆ ಸೇತುವೆಯೇ ಕಟ್ಟುವುದಿಲ್ಲ. ಇದಕ್ಕೆ ಹುಕ್ ಎಫೆಕ್ಟ್ ಅಂತ ಹೆಸರು. ಕಾಯಿಲೆ ಅತಿ ಜೋರಾಗಿರುವ ರೋಗಿಯ ರಿಪೋರ್ಟೇ ಸಪ್ಪೆಯಾಗಿ ಬರುತ್ತದೆ, ಯೋಚನೆ ಮಾಡಿ. ತೆಳು ಮಾಡಿ ಮತ್ತೊಮ್ಮೆ ಹಾಕಿದರೆ ಬಣ್ಣ ಬಯಲಾಗುತ್ತದೆ.

ಕೆಲವರ ರಕ್ತದಲ್ಲಿ ಇಲಿಯಂಥ ಪ್ರಾಣಿಗಳ ಆಂಟಿಬಾಡಿಗೇ ಅಂಟುವ ಆಂಟಿಬಾಡಿ ಇರುತ್ತದೆ. ಕಿಟ್‌ನ ಆಂಟಿಬಾಡಿಗಳು ಎಷ್ಟೋ ಸಲ ಇಲಿಯವೇ ಆದ್ದರಿಂದ, ರಿಸೆಪ್ಟರ್ ಇಲ್ಲದಿದ್ದರೂ ಇದು ಎರಡನ್ನೂ ಜೋಡಿಸಿ ಸುಳ್ಳು ಸ್ಯಾಂಡ್‌ವಿಚ್ ಕಟ್ಟುತ್ತದೆ. ರುಮಟಾಯ್ಡ್ ಫ್ಯಾಕ್ಟರ್ (ಆಂಟಿಬಾಡಿಗಳಿಗೇ ಅಂಟುವ ಇನ್ನೊಂದು ಆಂಟಿಬಾಡಿ) ಇರುವವರಲ್ಲೂ ಇದೇ ಕಾಟ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ಜಾಸ್ತಿ ನುಂಗುವವರದು ಬೇರೆ ಸಮಸ್ಯೆ. ರಕ್ತದ ಬಯೋಟಿನ್ ಸ್ಟ್ರೆಪ್ಟಾವಿಡಿನ್ನನ್ನು ತಾನೇ ಹಿಡಿದುಕೊಂಡು ಸಂಖ್ಯೆ ಇಳಿಸಬಹುದು, 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಸಿತ್ತು. ಸ್ಯಾಂಪಲ್ ಹಾಕಿದ ಮೇಲೆ ಚೆನ್ನಾಗಿ ತೊಳೆಯುವ ಪ್ಲೇಟ್ ಎಲೈಸಾದಲ್ಲಿ ಈ ಭಯ ಕಡಿಮೆ, ಎಲ್ಲವನ್ನೂ ಒಂದೇ ಹಂತದಲ್ಲಿ ಬೆರೆಸುವ ಮೆಷಿನ್‌ಗಳಲ್ಲಿ ಜಾಸ್ತಿ.

ಈ ರಿಸೆಪ್ಟರಿಗೇ ಅಂತ ಇರುವ ಒಂದು ವಿಶೇಷ ಬಲೆಯೂ ಇದೆ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ, ದೇಹ ಹೊಸ ಕಿಡ್ನಿಯನ್ನು ತಳ್ಳಿಹಾಕದಿರಲಿ ಅಂತ ಬ್ಯಾಸಿಲಿಕ್ಸಿಮ್ಯಾಬ್ ಕೊಡುವುದುಂಟು. ಅದೇ ಸಿಡಿ25ಗೆ ಅಂಟುವ ಆಂಟಿಬಾಡಿ. ಔಷಧ ಮೊದಲೇ ಆ ಜಾಗದಲ್ಲಿ ಕೂತಿದ್ದರೆ ಕಿಟ್‌ನ ಆಂಟಿಬಾಡಿಗೆ ಜಾಗ ಸಿಗದೆ ಹೋಗಬಹುದು. 1981ರ ಆ ಆಂಟಿ-ಟ್ಯಾಕ್ ಕೂಡ ಮುಂದೆ ಮನುಷ್ಯರಿಗೆ ಹೊಂದುವ ಹಾಗೆ ತಿದ್ದಿಸಿಕೊಂಡು ಡ್ಯಾಕ್ಲಿಜುಮ್ಯಾಬ್ ಅನ್ನುವ ಔಷಧವಾಗಿ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅಳತೆಗೋಲೇ ಔಷಧವಾದರೆ ಹೀಗಾಗುತ್ತದೆ.

ಎಲ್ಲ ಸರಿಯಾಗಿ ನಡೆದರೂ ಎಲೈಸಾ ನೋಡುವುದು ಕಳಚಿಬಿದ್ದ ತುಂಡನ್ನು ಮಾತ್ರ. ಕೋಶಗಳ ಮೈಮೇಲೆ ಈಗ ಎಷ್ಟು ರಿಸೆಪ್ಟರ್ ಇದೆ, ಯಾವ ಕೋಶದ ಮೇಲಿದೆ ಅಂತ ಬೇಕಿದ್ದರೆ ಫ್ಲೋ ಸೈಟೋಮೆಟ್ರಿ ಮಾಡಬೇಕು. ಅದು ಒಂದೊಂದೇ ಕೋಶವನ್ನು ಲೇಸರ್ ಮುಂದೆ ಸಾಲಾಗಿ ಕಳಿಸಿ ನೋಡುತ್ತದೆ. ಎರಡೂ ಬೇರೆ ಪ್ರಶ್ನೆಗಳಿಗೆ ಉತ್ತರ. ಮೈಮೇಲೆ ಜಾಸ್ತಿ ಇದ್ದರೆ ರಕ್ತದಲ್ಲೂ ಜಾಸ್ತಿ ಇರಲೇಬೇಕು ಅಂತೇನಿಲ್ಲ, ಕತ್ತರಿಸುವ ಕಿಣ್ವ ಎಷ್ಟು ಚುರುಕಾಗಿದೆ, ಕಿಡ್ನಿ ಎಷ್ಟು ಹೊರಹಾಕುತ್ತಿದೆ ಅನ್ನುವುದೂ ನಡುವೆ ಬರುತ್ತದೆ.

ಚಿಕಿತ್ಸೆ ಕೆಲಸ ಮಾಡುತ್ತಿದೆಯಾ ಅಂತ ನೋಡಲು ವಾರ ಬಿಟ್ಟು ವಾರ ರಕ್ತ ಕೊಡುವವರಿದ್ದಾರೆ. ಅಂಥವರು ಅದೇ ಲ್ಯಾಬ್, ಅದೇ ಕಿಟ್ ಅಂತ ನೋಡಿಕೊಳ್ಳುವುದು ಒಳ್ಳೆಯದು. ಸಂಶೋಧನೆ ಮಾಡುವವರಾದರೆ ಹಳೆಯ ಸೀರಮ್ ಸ್ವಲ್ಪ ಫ್ರೀಜರ್‌ನಲ್ಲಿ ಉಳಿಸಿಕೊಂಡು, ಹೊಸದರ ಜೊತೆ ಒಂದೇ ಪ್ಲೇಟಿನಲ್ಲಿ ಅಕ್ಕಪಕ್ಕ ಹಾಕಿಬಿಡಿ. ಒಂದೇ ಬಫರ್, ಒಂದೇ ಕೈ, ಒಂದೇ ಟಿಎಂಬಿ. ಆಗ ಒಂದು ವೆಲ್ ಇನ್ನೊಂದಕ್ಕಿಂತ ಹೆಚ್ಚು ಹಳದಿಯಾಗಿದ್ದರೆ, ಆ ಹೋಲಿಕೆಯನ್ನು ನಾನಂತೂ ನಂಬುತ್ತೇನೆ.